ನಾಯಿ ಜೊತೆಗಿದ್ದರೆ ಎಂಥ ನ್ಯಾರೋಬೋಟ್? ಇಂಗ್ಲೆಂಡಿನ ಕಾಲುವೆ ಬದುಕಿಗೊಂದು ಹೋಲಿಕೆಯ ಕೈಪಿಡಿ

ಏಪ್ರಿಲ್ ಬಂದು ಬಿಸಿಲು ಸ್ವಲ್ಪ ಮುಖ ತೋರಿಸಿತೆಂದರೆ ಕವೆಂಟ್ರಿ, ಬರ್ಮಿಂಗ್‌ಹ್ಯಾಮ್, ಮಿಲ್ಟನ್ ಕೀನ್ಸ್ ಕಡೆಯ ಕನ್ನಡದ ಗೆಳೆಯರಿಂದ ಫೋನು ಶುರುವಾಗುತ್ತದೆ. "ನ್ಯಾರೋಬೋಟ್ ತಗೊಳ್ಳೋಣ ಅಂತಿದ್ದೀವಿ ಕಣೇ, ಮನೇಲಿ ನಾಯೀನೂ ಇದೆ, ಎಂಥದ್ದು ನೋಡೋದು?" ನ್ಯಾರೋಬೋಟ್ ಅಂದರೆ ಇಲ್ಲಿನ ಕಾಲುವೆಗಳಿಗೆಂದೇ ಮಾಡಿದ, ಒಳಗೆ ಮನೆಯಂತೆ ಇರಬಹುದಾದ, ಉದ್ದನೆಯ ಕಿರಿದಾದ ದೋಣಿ. ಅಡುಗೆಮನೆ ಎಷ್ಟು ದೊಡ್ಡದು, ಮಂಚ ಎಷ್ಟು ಅಗಲ, ಬಚ್ಚಲಲ್ಲಿ ಬಿಸಿನೀರು ಬರುತ್ತದೆಯೇ ಎಂಬಲ್ಲಿಂದ ಎಲ್ಲರ ಲೆಕ್ಕಾಚಾರ ಶುರು. ನಾನೂ ನಮ್ಮವರೂ ಬೆಲ್ಲ ಎಂಬ ನಮ್ಮ ನಾಯಿಯೂ 57 ಅಡಿಯ ದೋಣಿಯಲ್ಲಿ ಸಂಸಾರ ಹೂಡಿ ನಾಲ್ಕು ವರ್ಷವಾಯಿತು. ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಮೊದಲು ನಾಯಿ ಎಲ್ಲಿಂದ ಹತ್ತುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಇಳಿಯುತ್ತದೆ ಎಂದು ನೋಡಿ. ಮಂಚ, ಬಚ್ಚಲು ಆಮೇಲೆ. ಅಡುಗೆಮನೆ ಚಿಕ್ಕದಾದರೆ ದೋಸೆ ಹೊಯ್ಯುವುದು ತುಸು ಕಷ್ಟ, ಅಷ್ಟೇ. ನಾಯಿ ನಿಲ್ಲುವ ಜಾಗ ತಪ್ಪಾದರೆ ಅದರ ಜೀವಕ್ಕೇ ಅಪಾಯ.

ಬೆಲ್ಲದ ಅಚ್ಚಿನ ಬಣ್ಣ ಅವಳದು, ಅದಕ್ಕೇ ಆ ಹೆಸರು. ಸ್ಪ್ಯಾನಿಯಲ್ ಮತ್ತು ಟೆರಿಯರ್ ಬೆರಕೆ, 14 ಕಿಲೋ ತೂಕ. ದಂಡೆಯ ಮೇಲಿನ ಇಂಗ್ಲಿಷರು "ಬೆಲ್ಲಾ" ಎಂದು ಕರೆದರೂ ಬಾಲ ಅಲ್ಲಾಡಿಸಿಕೊಂಡು ಹೋಗುತ್ತಾಳೆ.

ಕಾಲುವೆ ಅಂದ ಕೂಡಲೇ ವಿ.ಸಿ. ನಾಲೆಯೋ ತುಂಗಭದ್ರಾ ಎಡದಂಡೆ ಕಾಲುವೆಯೋ ಕಣ್ಣಮುಂದೆ ಬರುವವರಿಗೆ ಇಷ್ಟು ಹೇಳಬೇಕು. ಇಲ್ಲಿನವು ಗದ್ದೆಗೆ ನೀರುಣಿಸಲು ತೋಡಿದವಲ್ಲ. ಕಲ್ಲಿದ್ದಲು, ಉಪ್ಪು, ಪಿಂಗಾಣಿ ಸಾಗಿಸಲು, ಹೆಚ್ಚಿನವು 1760ರಿಂದ 1830ರ ನಡುವೆ ಆದವು. ನೀರು ಹೆಚ್ಚುಕಡಿಮೆ ನಿಂತ ನೀರೇ, ಬಹಳ ಕಡೆ ಎದೆಮಟ್ಟಕ್ಕೂ ಬರುವುದಿಲ್ಲ. ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ಮಧ್ಯ ಇಂಗ್ಲೆಂಡಿನ ಲಾಕ್‌ಗಳನ್ನು (ಎರಡೂ ತುದಿಗೆ ಗೇಟಿದ್ದು, ನೀರು ತುಂಬಿಸಿ ಇಲ್ಲವೇ ಖಾಲಿ ಮಾಡಿ ದೋಣಿಯನ್ನು ಏರಿಸಿ ಇಳಿಸುವ ತೊಟ್ಟಿಗಳು) ಸುಮಾರು 7 ಅಡಿ ಅಗಲ, 72 ಅಡಿ ಉದ್ದಕ್ಕೆ ನಿಗದಿ ಮಾಡಿದ. ಹಾಗಾಗಿ ದೋಣಿಯ ಅಗಲ ಇವತ್ತಿಗೂ 6 ಅಡಿ 10 ಅಂಗುಲವೇ. ವೇಗದ ಮಿತಿ ಗಂಟೆಗೆ 4 ಮೈಲಿ. ಕಟ್ಟಿಹಾಕಿದ ದೋಣಿಗಳ ಪಕ್ಕ ಹಾಯುವಾಗ ಇನ್ನೂ ನಿಧಾನ. ದಂಡೆಯ ಹಾದಿಯಲ್ಲಿ ನಾಯಿ ನಮಗಿಂತ ಮುಂದೆ ಹೋಗಿ ನಿಂತು ಕಾಯುತ್ತದೆ.

ಸ್ಟರ್ನ್ ಮೂರು ಬಗೆ, ಇಲ್ಲಿ ಮಾತ್ರ ಅವಸರ ಬೇಡ

ದೋಣಿಯ ಹಿಂಭಾಗಕ್ಕೆ ಸ್ಟರ್ನ್ ಎನ್ನುತ್ತಾರೆ. ಟಿಲ್ಲರ್, ಅಂದರೆ ಚುಕ್ಕಾಣಿಯ ಹಿಡಿಕೆ, ಹಿಡಿದು ದೋಣಿ ನಡೆಸುವವರು ನಿಲ್ಲುವುದು ಅಲ್ಲೇ. ದಿನಕ್ಕೆ ನಾಲ್ಕೈದು ಗಂಟೆ ನೀವು ಅಲ್ಲಿ ನಿಂತಿದ್ದರೆ ನಾಯಿಗೂ ಅಲ್ಲೇ ಇರಬೇಕು, ಒಳಗೆ ಕೂಡಿಹಾಕಿದರೆ ಕೇಳುವುದಿಲ್ಲ.

ಕ್ರೂಸರ್ ಸ್ಟರ್ನ್ ಅಂದರೆ ಬಯಲು ಜಗಲಿ ಇದ್ದ ಹಾಗೆ. ಆರೇಳು ಅಡಿ ಉದ್ದದ ತೆರೆದ ಜಾಗ, ಸುತ್ತ ಸೊಂಟದೆತ್ತರಕ್ಕೆ ಒಂದು ಕಬ್ಬಿಣದ ಕಂಬಿ, ಕಾಲಡಿಯಲ್ಲಿ ಎಂಜಿನ್. ನಾಲ್ಕು ಜನ ಕುರ್ಚಿ ಹಾಕಿಕೊಂಡು ಕೂರಬಹುದು. ಬಾಡಿಗೆ ದೋಣಿಗಳಲ್ಲಿ ಬಹುಪಾಲು ಇದೇ. ನೋಡಿದವರು ಮರುಳಾಗುವುದೂ ಇದಕ್ಕೇ. ಆದರೆ ಕಂಬಿಯ ಕೆಳಗೆ ನಾಯಿ ಸಲೀಸಾಗಿ ತೂರುವಷ್ಟು ಸಂದು ಇರುತ್ತದೆ. ಇನ್ನೊಂದು ವಿಷಯ ಮಾರುವವರು ಹೇಳುವುದಿಲ್ಲ: ಹಿಮ್ಮುಖವಾಗಿ ಹೋಗುವಾಗ ಚುಕ್ಕಾಣಿ ಏನಾದರೂ ತಡೆಗೆ ತಾಗಿದರೆ ಟಿಲ್ಲರ್ ರಪ್ಪೆಂದು ಒಂದು ಪಕ್ಕಕ್ಕೆ ಬೀಸುತ್ತದೆ. ಅದರ ಬೀಸಿಗೆ ಸಿಕ್ಕರೆ ದೊಡ್ಡವರೇ ನೀರಿಗೆ ಬೀಳುತ್ತಾರೆ, ಮಕ್ಕಳು ನಾಯಿಗಳ ಮಾತೇನು? ಹಿಂದಿನಿಂದ ಬಿದ್ದರೆ ಬೀಳುವುದು ಪ್ರೊಪೆಲ್ಲರ್ ಹತ್ತಿರವೇ. ಯಾರೇ ಬೀಳಲಿ, ಮೊದಲು ಗೇರು ನ್ಯೂಟ್ರಲ್‌ಗೆ, ಕೂಗಾಟ ಆಮೇಲೆ. ಇದನ್ನು ಮನೆಯವರೆಲ್ಲ ಬಾಯಿಪಾಠ ಮಾಡಿಕೊಂಡೇ ದೋಣಿ ಹತ್ತಬೇಕು.

ಟ್ರಾಡ್ ಸ್ಟರ್ನ್ ಹಳೆಯ ಸರಕು ದೋಣಿಗಳ ಮಾದರಿ. ಕೋಣೆ ದೋಣಿಯ ಬಾಲದವರೆಗೂ ಬಂದು, ಹಿಂದೆ ಒಬ್ಬರು ನಿಲ್ಲುವಷ್ಟೇ ಜಾಗ ಉಳಿದಿರುತ್ತದೆ. ನೀವು ಬಾಗಿಲಿನ ಒಳಗೆ, ಮೆಟ್ಟಿಲ ಮೇಲೆ ನಿಂತು ನಡೆಸಬೇಕು. ಚಳಿಗಾಲದಲ್ಲಿ ಸೊಂಟದ ಕೆಳಗೆ ಒಲೆಯ ಕಾವು ಹಿತವಾಗಿ ತಾಕುತ್ತಿರುತ್ತದೆ. ನಾಯಿ ನಿಮ್ಮ ಕಾಲ ಬುಡದಲ್ಲಿ, ಕೆಳಗಿನ ಮೆಟ್ಟಿಲಲ್ಲಿ ಮಲಗಬಹುದು. ವಯಸ್ಸಾದ, ಶಾಂತ ಸ್ವಭಾವದ ನಾಯಿಗೆ ಇದಕ್ಕಿಂತ ಸುರಕ್ಷಿತ ಜಾಗ ಇನ್ನೊಂದಿಲ್ಲ. ಆದರೆ ಕಡಿದಾದ ಆ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿಳಿಯಬೇಕು. ಸೊಂಟ ನೋವಿನ ಲ್ಯಾಬ್ರಡಾರಿಗೆ ಅದು ಶಿಕ್ಷೆ. ಹೊರಗಿನ ಆಟ ನೋಡದೆ ಇರಲಾರದ ಮರಿನಾಯಿಯಂತೂ ನಿಮ್ಮ ಮೊಣಕಾಲಿನ ಸಂದಿನಿಂದ ತೂರಿ ಆ ಚಿಕ್ಕ ಡೆಕ್ಕಿಗೆ ಬಂದೇ ಬರುತ್ತದೆ.

ಇವೆರಡರ ನಡುವಿನದು ಸೆಮಿ-ಟ್ರಾಡ್. ಮೇಲೆ ಬಯಲು, ಎರಡೂ ಪಕ್ಕಕ್ಕೆ ಕೋಣೆಯ ಗೋಡೆಯೇ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಬೆಲ್ಲ ಅದರೊಳಗಿನ ಹಲಗೆಯ ಮೇಲೆ ಕೂತರೆ ಗೋಡೆಗೆ ಗದ್ದ ಊರಿ ಬಾತುಕೋಳಿ ನೋಡುತ್ತಾಳೆ, ಆದರೆ ಜಾರಿ ಬೀಳುವ ದಾರಿ ಇಲ್ಲ. ಅಲ್ಲೇ ಒಂದು ಕೊಂಡಿಗೆ ಗಿಡ್ಡ ಬೆಲ್ಟು ಹಾಕಿದರೆ ದೋಣಿಯ ಹಿಂತುದಿಯ ಡೆಕ್ಕಿಗೂ ಬರಲಾರಳು. ಉದ್ದ ಬೆಲ್ಟು ಮಾತ್ರ ಎಂದಿಗೂ ಕೂಡದು, ನಾಯಿ ಅಂಚಿನಾಚೆ ಜಾರಿದರೆ ಅದೇ ಉರುಳಾಗುತ್ತದೆ. ನಾಯಿ ಇರುವ ಮನೆಗೆ ನನ್ನ ಆಯ್ಕೆ ಸೆಮಿ-ಟ್ರಾಡ್. ಮುದಿ ನಾಯಿಯಾದರೆ, ಅದೂ ಚಿಕ್ಕ ಗಾತ್ರದ್ದಾಗಿ ಎತ್ತಿ ಇಳಿಸಬಹುದಾದರೆ, ಟ್ರಾಡ್. ಕ್ರೂಸರ್ ನಿಮಗೆ ಬೇಕೇ ಬೇಕೆನಿಸಿದರೆ ಕಂಬಿಗೆ ಸುತ್ತಲೂ ಗಟ್ಟಿ ಬಲೆ ಬಿಗಿಸಿದ ಮೇಲೆ ಮಾತ್ರ ಎಂಜಿನ್ ಶುರುಮಾಡಿ.

ದೋಣಿಯ ಮಾಡಿನ ಮೇಲೆ ನಾಯಿ ಕೂತ ಚಿತ್ರಗಳು ಚೆನ್ನಾಗಿ ಕಾಣುತ್ತವೆ. ನಾನಂತೂ ಕೂರಿಸುವುದಿಲ್ಲ. ಬಿಸಿಲಿಗೆ ಕಾದ ಉಕ್ಕಿನ ಮಾಡು ಹಂಚಿನ ಹಾಗೆ ಪಾದ ಸುಡುತ್ತದೆ, ಒದ್ದೆಯಾದರೆ ಜಾರುತ್ತದೆ, ಸೌರಫಲಕಗಳ ನಡುವೆ ಜಾಗವೂ ಇರುವುದಿಲ್ಲ, ಕಮಾನು ಸೇತುವೆಗಳು ತಲೆಗೆ ತಾಗುವಷ್ಟು ತಗ್ಗು.

ಉದ್ದ

57 ಅಡಿಯೇ, 70 ಅಡಿಯೇ? ಉತ್ತರದ ಕೆಲವು ಕಾಲುವೆಗಳ ಲಾಕ್ ಗಿಡ್ಡ, 57 ಅಡಿಯ ದೋಣಿಯಾದರೆ ಹೆಚ್ಚುಕಡಿಮೆ ಎಲ್ಲೆಡೆ ನುಗ್ಗುತ್ತದೆ. 70 ಅಡಿಯದ್ದರಲ್ಲಿ ಒಂದು ಕೋಣೆ ಹೆಚ್ಚು, ಲೈಸೆನ್ಸ್ ಹಣವೂ ಹೆಚ್ಚು, ತಿರುಗಿಸುವ ಜಾಗ ಸಿಗುವುದು ಕಡಿಮೆ. ನಾಯಿಗೆ ಬೇಕಾದದ್ದು ಉದ್ದವಲ್ಲ, ಕಾಲು ಚಾಚಲು ಒಂದು ಮೂಲೆ. ಒಳಗಿನ ಓಡಾಟದ ಜಾಗವೇ ಎರಡಡಿ. ಅಲ್ಲಿ ಲ್ಯಾಬ್ರಡಾರ್ ಅಡ್ಡ ಮಲಗಿದರೆ ಅಡುಗೆಮನೆಯಿಂದ ಬಚ್ಚಲಿಗೆ ಹೋಗಲು ಅದನ್ನು ಎಬ್ಬಿಸಲೇಬೇಕು. ಬಾಗಿಲಿನ ದಾರಿಯಲ್ಲದ ಕಡೆ, ಬೆಂಚಿನ ಅಡಿಯಲ್ಲೋ ಮೆಟ್ಟಿಲ ಪಕ್ಕದಲ್ಲೋ ಅದಕ್ಕೊಂದು ಗೂಡು ಸಿಗುತ್ತದೆಯೇ ನೋಡಿ.

ಮೊದಲ ಪಯಣಕ್ಕೆ ಯಾವ ಕಾಲುವೆ?

ಕೊಳ್ಳುವ ಮೊದಲು ಒಂದು ವಾರ ಬಾಡಿಗೆ ದೋಣಿಯಲ್ಲಿ ನಾಯಿಯನ್ನು ಕರೆದುಕೊಂಡು ಹೋಗಿ. ಹೆಚ್ಚಿನ ಕಂಪನಿಗಳು ನಾಯಿಗೆ ಒಪ್ಪುತ್ತವೆ, ಎಷ್ಟು ನಾಯಿ, ಎಷ್ಟು ಹಣ ಎಂದು ಮೊದಲೇ ಕೇಳಿಕೊಳ್ಳಿ. ಲೆಕ್ಕಕ್ಕೆ ದೋಣಿಯವರ ಹಳೆಯ ಸೂತ್ರ ಒಂದಿದೆ: ಮೈಲಿಗಳನ್ನೂ ಲಾಕ್‌ಗಳನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ಎಷ್ಟು ಗಂಟೆಯ ದಾರಿ ಎಂದು ಗೊತ್ತಾಗುತ್ತದೆ.

ಎಲ್ಲರೂ ಹೇಳುವುದು ಲ್ಯಾಂಗೋಲೆನ್ ಕಾಲುವೆ. ಹರ್ಲ್‌ಸ್ಟನ್‌ನಿಂದ 46 ಮೈಲಿ, 21 ಲಾಕ್. ಸೂತ್ರದ ಪ್ರಕಾರ ಹೋಗಲು 22 ಗಂಟೆ, ಬರಲು ಅಷ್ಟೇ. ವಾರದಲ್ಲಿ ದಿನಕ್ಕೆ ಆರು ತಾಸು ಮೀರುತ್ತದೆ. ನಾಯಿ ಇದ್ದರೆ ನಡುವೆ ಎಲ್ಸ್‌ಮಿಯರ್‌ನಿಂದಲೋ ವಿಟ್‌ಚರ್ಚ್‌ನಿಂದಲೋ ಹೊರಡುವುದು ಮೇಲು. ಇಲ್ಲಿನ ಪಾಂಟ್‌ಕಸಿಲ್ಟೆ ಮೇಲ್ಗಾಲುವೆಯನ್ನು ಥಾಮಸ್ ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ 1805ರಲ್ಲಿ ಮುಗಿಸಿದರು, 2009ರಲ್ಲಿ ಅದು ಯುನೆಸ್ಕೋ ಪಟ್ಟಿ ಸೇರಿತು. ಡೀ ನದಿಯ ಮೇಲೆ 126 ಅಡಿ ಎತ್ತರದಲ್ಲಿ, ಎರಕದ ಕಬ್ಬಿಣದ ತೊಟ್ಟಿಯೊಳಗೆ ದೋಣಿ ತೇಲುತ್ತದೆ. ಒಂದು ಪಕ್ಕಕ್ಕೆ ಹಾದಿ, ಕಂಬಿ. ಇನ್ನೊಂದು ಪಕ್ಕಕ್ಕೆ ಏನೂ ಇಲ್ಲ, ನೀರಿನ ಮಟ್ಟಕ್ಕಿಂತ ತುಸುವೇ ಮೇಲೆ ತೊಟ್ಟಿಯ ಅಂಚು, ಅದರಾಚೆ ಆಕಾಶ. ಅಲ್ಲಿ ನಾಯಿ ಸ್ಟರ್ನ್‌ನಲ್ಲಿ ಇರಲೇಬಾರದು. ಒಳಗೆ ಬಾಗಿಲು ಹಾಕಿ ಕೂರಿಸಿ, ಇಲ್ಲವೇ ಒಬ್ಬರು ಬೆಲ್ಟು ಗಿಡ್ಡ ಹಿಡಿದು ಹಾದಿಯಲ್ಲಿ ನಡೆಸಿಕೊಂಡು ಬನ್ನಿ. ಬೇಸಿಗೆಯಲ್ಲಿ ಅಲ್ಲಿ ದೋಣಿಗಳ ಜಾತ್ರೆ.

ನನಗೆ ಪ್ರೀತಿ ದಕ್ಷಿಣ ಆಕ್ಸ್‌ಫರ್ಡ್ ಕಾಲುವೆಯ ಮೇಲೆ. ನಾಪ್ಟನ್‌ನ 9 ಲಾಕ್ ಹತ್ತಿದ ಮೇಲೆ ಕ್ಲೇಡನ್‌ವರೆಗೆ 11 ಮೈಲಿ ಒಂದೂ ಲಾಕ್ ಇಲ್ಲ. ಗುಡ್ಡದ ಮಟ್ಟ ಹಿಡಿದು ಹಾವಿನ ಹಾಗೆ ಸುತ್ತಿ ಬಳಸಿ ಸಾಗುವ ನೀರು. ಅರ್ಧ ತಾಸಿನ ಹಿಂದೆ ಎಡಕ್ಕೆ ಕಂಡ ಮರ ಈಗ ಬಲಕ್ಕೆ ಕಾಣುತ್ತದೆ. ನಾಯಿಯೂ ಒಬ್ಬರೂ ದಂಡೆಯಲ್ಲಿ ನಡೆಯುತ್ತ, ಇನ್ನೊಬ್ಬರು ದೋಣಿ ನಡೆಸುತ್ತ ಮಾತಾಡಿಕೊಂಡೇ ಹೋಗಬಹುದು. ಹೊಸಬರಿಗೂ ನಾಯಿಗೂ ಕಲಿಯಲು ಇದೇ ಜಾಗ. ಗ್ರೇಟ್ ಹೇವುಡ್ ಸುತ್ತಿನ ಸ್ಟಾಫರ್ಡ್‌ಶೈರ್ ಮತ್ತು ವೂಸ್ಟರ್‌ಶೈರ್ ಕಾಲುವೆಯೂ ಚೆನ್ನ. ಟಿಕ್ಸಾಲ್ ವೈಡ್ ಎಂಬಲ್ಲಿ ಅದು ಕೆರೆಯಷ್ಟು ಅಗಲವಾಗುತ್ತದೆ.

ಗ್ರ್ಯಾಂಡ್ ಯೂನಿಯನ್ ಮಾತ್ರ ಮೊದಲ ಸಲಕ್ಕೆ ಬೇಡ. ಲಂಡನ್‌ನಿಂದ ಬರ್ಮಿಂಗ್‌ಹ್ಯಾಮ್‌ಗೆ 137 ಮೈಲಿ, 166 ಲಾಕ್, ಬಹಳಷ್ಟು 14 ಅಡಿ ಅಗಲದವು. ವಾರಿಕ್ ಹತ್ತಿರದ ಹ್ಯಾಟನ್‌ನಲ್ಲಿ ಒಂದರ ಮೇಲೊಂದು 21. ಅಗಲದ ಲಾಕ್‌ಗೆ ನೀರು ಬಿಟ್ಟಾಗ ಒಂಟಿ ದೋಣಿ ಅತ್ತಿತ್ತ ಬಡಿದಾಡುತ್ತದೆ. ಇದರ ಬ್ಲಿಸ್‌ವರ್ತ್ ಸುರಂಗ 3,076 ಗಜ, ಒಳಗೆ ಕಾಲುಹಾದಿ ಇಲ್ಲ. ಕತ್ತಲು, ಎಂಜಿನ್ನಿನ ಸದ್ದು, ತಲೆಮೇಲೆ ತೊಟ್ಟಿಕ್ಕುವ ನೀರು, ಮುಕ್ಕಾಲು ಗಂಟೆ. ಬೆಲ್ಲ ಮೊದಲ ಸಲ ಇಡೀ ಸುರಂಗ ನಡುಗಿದಳು. ಹಿಂದಿನ ಕಾಲದಲ್ಲಿ ದೋಣಿ ಎಳೆಯುವ ಕುದುರೆಗಳನ್ನು ಬಿಚ್ಚಿ ಗುಡ್ಡದ ಮೇಲಿಂದ ನಡೆಸುತ್ತಿದ್ದರಲ್ಲ, ಆ ಹಾದಿ ಇನ್ನೂ ಇದೆ. ಈಗ ನಾನು ಅವಳನ್ನು ಕರೆದುಕೊಂಡು ಆ ಕುದುರೆ ದಾರಿ ಹಿಡಿಯುತ್ತೇನೆ, ನಮ್ಮವರು ಕೆಳಗೆ ದೋಣಿ ತರುತ್ತಾರೆ.

ಯಾವ ಕಾಲುವೆಯೇ ಇರಲಿ, ಲಾಕ್ ಹತ್ತಿರ ಬಂದರೆ ನಾಯಿ ಒಳಗೆ, ಬಾಗಿಲು ಭದ್ರ. ಇದರಲ್ಲಿ ರಿಯಾಯಿತಿ ಇಲ್ಲ. ಕಿರಿದಾದ ಲಾಕ್‌ನಲ್ಲಿ ದೋಣಿಗೂ ಗೋಡೆಗೂ ನಡುವೆ ಕೈ ಹಿಡಿಸುವಷ್ಟು ಸಂದು. ಕೆಳಕ್ಕಿಳಿಯುವಾಗ ಹಿಂದಿನ ಗೇಟಿನ ಬುಡದಲ್ಲಿ ಕಲ್ಲಿನ ದಿಣ್ಣೆ ಇರುತ್ತದೆ, ಸಿಲ್ ಎನ್ನುತ್ತಾರೆ. ದೋಣಿಯ ಬಾಲ ಅದರ ಮೇಲೆ ಕೂತುಬಿಟ್ಟರೆ ಮೂತಿ ಕೆಳಗಾಗಿ ಮುಳುಗುತ್ತದೆ. ನಮ್ಮವರು ಕೆಲಸಕ್ಕೆ ಹೋದ ದಿನ ನಾನೊಬ್ಬಳೇ ವಿಂಡ್‌ಲಾಸ್ (ಲಾಕ್‌ನ ನೀರಿನ ಕಿಂಡಿ ತೆರೆಯುವ ಹಿಡಿಕೆ) ತಿರುಗಿಸುತ್ತ, ಹಗ್ಗ ಹಿಡಿಯುತ್ತ, ಸಿಲ್ ಮೇಲೆ ಕಣ್ಣಿಟ್ಟಿರಬೇಕು. ಆಗ ನಾಯಿ ಎಲ್ಲಿದೆ ಎಂದು ಹುಡುಕುವಂತಾಗಬಾರದು.

ಮರೀನಾದಲ್ಲಿ ನಿಲುಗಡೆಯೇ, ಸದಾ ಸಂಚಾರವೇ?

ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗ 2012ರಿಂದ ಕನಾಲ್ ಅಂಡ್ ರಿವರ್ ಟ್ರಸ್ಟ್‌ನ ಕೈಯಲ್ಲಿದೆ. ಲೈಸೆನ್ಸ್ ಪಡೆಯುವಾಗ ಎರಡು ದಾರಿ. ಒಂದು, ಮರೀನಾದಂಥ (ಬಾಡಿಗೆ ಕೊಟ್ಟು ದೋಣಿ ಕಟ್ಟುವ ತಂಗುದಾಣ) ಖಾಯಂ ನಿಲುಗಡೆ ತೋರಿಸುವುದು. ಇನ್ನೊಂದು, ನಿಲುಗಡೆಯೇ ಇಲ್ಲದೆ ಸಂಚರಿಸುತ್ತಿರುವುದು. ಎರಡನೆಯದಕ್ಕೆ 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆಯ ನಿಯಮವಿದೆ: ಒಂದೇ ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, ಬೋರ್ಡಿನಲ್ಲಿ ಕಡಿಮೆ ಬರೆದಿದ್ದರೆ ಅಷ್ಟೇ. ಅಲ್ಲಲ್ಲೇ ಹಿಂದೆ ಮುಂದೆ ಸರಿದಾಡಿದರೂ ಸಾಲದು. ವರ್ಷಪೂರ್ತಿ 20 ಮೈಲಿಗಿಂತ ಕಡಿಮೆ ವ್ಯಾಪ್ತಿಯೊಳಗೇ ಇದ್ದರೆ ಟ್ರಸ್ಟ್ ಒಪ್ಪುವುದು ಕಷ್ಟ. 2024ರ ಏಪ್ರಿಲ್‌ನಿಂದ ಇಂಥ ದೋಣಿಗಳ ಲೈಸೆನ್ಸ್ ಮೇಲೆ ಹೆಚ್ಚುವರಿ ಶುಲ್ಕವೂ ಬಿದ್ದಿದೆ. ಮರೀನಾ ಬಾಡಿಗೆ ಉಳಿಯಿತು ಎಂದು ಹೊರಟವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮರೀನಾದವರೂ ಅಷ್ಟೇ, ಎಷ್ಟೋ ಕಡೆ ದೋಣಿ ಕಟ್ಟಲು ಮಾತ್ರ ಜಾಗ ಕೊಡುತ್ತಾರೆ, ಅದನ್ನೇ ಮನೆ ಮಾಡಿಕೊಳ್ಳಲು ಬಿಡುವುದಿಲ್ಲ. ಕರಾರು ಓದಿ ಸಹಿ ಹಾಕಿ.

ನಾಯಿಗೆ ಯಾವುದು ಹಿತ? ನಾವು ಎರಡನ್ನೂ ಮಾಡಿ ನೋಡಿದ್ದೇವೆ. ಮರೀನಾದಲ್ಲಿ ನಲ್ಲಿ ನೀರು, ವಿದ್ಯುತ್ತು, ಅದೇ ಡಾಕ್ಟರು, ಅದೇ ವಾಸನೆಯ ದಾರಿ. ಆದರೆ ತೇಲುವ ಹಲಗೆ ಹಾದಿಯ ಸಂದುಗಳಲ್ಲಿ ಕೆಳಗೆ ನೀರು ಕಂಡು ಬೆಲ್ಲ ಮೂರು ವಾರ ಅದರ ಮೇಲೆ ಕಾಲಿಡಲಿಲ್ಲ, ಎತ್ತಿಕೊಂಡೇ ಓಡಾಡಬೇಕಾಯಿತು. ಬೆಳಗ್ಗೆ ಆರಕ್ಕೆ, ಸುರಿಯುವ ಮಳೆಯಲ್ಲಿ, ಬೆಲ್ಟು ಹಾಕಿ ಗೇಟಿನವರೆಗೆ ನಡೆದ ಮೇಲೆಯೇ ಅವಳಿಗೆ ಹುಲ್ಲು. ಸಂಚಾರದಲ್ಲಾದರೆ ಬಾಗಿಲು ತೆರೆದರೆ ಹುಲ್ಲು. ಕಬ್ಬಿಣದ ಗೂಟ ಬಡಿದು ಹಗ್ಗ ಕಟ್ಟಿದರೆ ಸಾಕು, ಅದೇ ಅವಳ ಅಂಗಳ. ಎರಡು ವಾರಕ್ಕೊಮ್ಮೆ ಹೊಸ ಅಂಗಳ.

ಅದರ ಬೆಲೆಯೂ ಇದೆ. ನಾಯಿಗೆ ರಾತ್ರಿ ಜ್ವರ ಬಂದರೆ ಯಾವ ಊರಿನ ಹತ್ತಿರ ಇದ್ದೇವೆ, ದಂಡೆಯಿಂದ ರಸ್ತೆಗೆ ಎಷ್ಟು ದೂರ, ಟ್ಯಾಕ್ಸಿ ಎಲ್ಲಿಗೆ ಬರಬೇಕು ಎಂದು ಹುಡುಕಬೇಕು. ಪ್ರತಿ ಸೇತುವೆಗೂ ಒಂದು ಸಂಖ್ಯೆ ಬರೆದ ಫಲಕ ಇರುತ್ತದೆ. ಸಂಜೆ ದೋಣಿ ಕಟ್ಟಿದ ಕೂಡಲೇ ಹತ್ತಿರದ ಸೇತುವೆಯ ಸಂಖ್ಯೆ ಮತ್ತು ಪಶುವೈದ್ಯರ ಫೋನು ನಂಬರ್ ಒಲೆಯ ಪಕ್ಕದ ಹಲಗೆಯಲ್ಲಿ ಬರೆಯುವುದು ನಮ್ಮ ರೂಢಿ. ಕಾನೂನಿನ ಮಾತೂ ಇದೆ. ಇಲ್ಲಿ ಹೊರಗೆ ಬಂದ ನಾಯಿಯ ಕೊರಳಪಟ್ಟಿಯಲ್ಲಿ ಯಜಮಾನರ ಹೆಸರು, ವಿಳಾಸ ಇರಬೇಕು. 2016ರಿಂದ ಇಂಗ್ಲೆಂಡಿನಲ್ಲಿ ಮೈಕ್ರೋಚಿಪ್ ಕೂಡ ಕಡ್ಡಾಯ. ಮನೆಯೇ ತೇಲುತ್ತಿರುವಾಗ ವಿಳಾಸ ಯಾವುದು? ನಾವು ನಾರ್ಥಾಂಪ್ಟನ್‌ನಲ್ಲಿರುವ ಅತ್ತಿಗೆ ಮನೆಯದು ಕೊಟ್ಟಿದ್ದೇವೆ, ಚಿಪ್ಪಿನ ದಾಖಲೆಯಲ್ಲಿ ಎರಡು ಮೊಬೈಲ್ ನಂಬರ್.

ನಾಯಿ ಚಿಕ್ಕ ವಯಸ್ಸಿನದು, ನಿಮ್ಮಲ್ಲೊಬ್ಬರಿಗಾದರೂ ಮನೆಯಿಂದಲೇ ಕೆಲಸ ಎಂದಾದರೆ ಸಂಚಾರವೇ ಚೆನ್ನ. ನಾಯಿಗೆ ಖಾಯಂ ಔಷಧಿ ನಡೆಯುತ್ತಿದ್ದರೆ, ಅಥವಾ ಇಬ್ಬರೂ ದಿನವಿಡೀ ಹೊರಗಿದ್ದರೆ ಮರೀನಾ. ಚಳಿಗಾಲದ ನಾಲ್ಕು ತಿಂಗಳು ಮರೀನಾ, ಉಳಿದಂತೆ ಸಂಚಾರ ಎಂಬ ನಡುದಾರಿಯೂ ಇದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ರಿಪೇರಿಗೆಂದು ಅಲ್ಲಲ್ಲಿ ಲಾಕ್ ಮುಚ್ಚುವುದರಿಂದ ನಾವೀಗ ಹಾಗೇ ಮಾಡುತ್ತಿದ್ದೇವೆ.

ಒಲೆ, ಶೌಚಾಲಯ

ಕಟ್ಟಿಗೆ-ಕಲ್ಲಿದ್ದಲಿನ ಒಲೆ ಮತ್ತು ಡೀಸೆಲ್ ಹೀಟರ್ ಎರಡರಲ್ಲಿ ಒಲೆಯ ಕಾವು ಒಣ ಕಾವು, ಒದ್ದೆ ನಾಯಿ ಅರ್ಧ ತಾಸಿನಲ್ಲಿ ಗರಿಗರಿ. ಆದರೆ ಶಾಖವೆಲ್ಲ ಮೇಲಕ್ಕೆ ಏರುತ್ತದೆ, ನಾಯಿ ಮಲಗುವ ನೆಲ ತಣ್ಣಗೇ ಇರುತ್ತದೆ. ಉಕ್ಕಿನ ತಳದ ಕೆಳಗೇ ನೀರು ತಾನೆ. ಅದರ ಹಾಸಿಗೆಯನ್ನು ಒಂದಡಿ ಎತ್ತರದ ಪೆಟ್ಟಿಗೆಯ ಮೇಲೆ ಹಾಕಿ. ಡೀಸೆಲ್ ಹೀಟರ್ ಬುಡದ ರೇಡಿಯೇಟರ್‌ಗಳಿಂದ ಎಲ್ಲ ಕೋಣೆಗೂ ಸಮನಾಗಿ ಬೆಚ್ಚಗೆ ಕೊಡುತ್ತದೆ, ಬ್ಯಾಟರಿ ತಿನ್ನುತ್ತದೆ. ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ಕಟ್ಟಿದ ದೋಣಿಯಲ್ಲಿ ಎಂಜಿನ್ ಓಡಿಸುವಂತಿಲ್ಲ, ಹಾಗಾಗಿ ಆ ಬ್ಯಾಟರಿಯನ್ನು ಹಗಲೇ ತುಂಬಿಕೊಳ್ಳಬೇಕು. ನನ್ನ ಮತ ಒಲೆಗೆ. ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಮಾತ್ರ ಇರಲೇಬೇಕು.

ಶೌಚಾಲಯದಲ್ಲಿ ಕ್ಯಾಸೆಟ್ ಸಾಕು. ತುಂಬಿದ ಡಬ್ಬಿ ಒಯ್ದು ಟ್ರಸ್ಟ್‌ನ ಜಾಗದಲ್ಲಿ ಖಾಲಿ ಮಾಡುವುದು. ದೋಣಿಯೊಳಗಿನ ಮಲದ ತೊಟ್ಟಿಯನ್ನು ಪಂಪಿನಿಂದ ಹೀರಿಸುವ ಪಂಪ್-ಔಟ್‌ಗೆ ಮರೀನಾ ಹುಡುಕಿ ಹಣ ಕೊಡಬೇಕು. ಕಾಂಪೋಸ್ಟ್ ಬಗೆಯದ್ದರ ಚೀಲವನ್ನು ಟ್ರಸ್ಟ್‌ನ ಕಸದ ತೊಟ್ಟಿಗೆ ಹಾಕುವಂತಿಲ್ಲ.

ನೀರಿಗೆ ಬಿದ್ದರೆ

ಎರಡನೆಯ ವರ್ಷದ ಜುಲೈ. ದೋಣಿ ಕಟ್ಟಿದ ಕಡೆ ನೀರಿನ ಮೇಲೆಲ್ಲ ಸಾಸಿವೆ ಕಾಳಿನಷ್ಟು ಎಲೆಯ ಜಲಸಸ್ಯ ಹಬ್ಬಿ, ದಂಡೆಯ ಹುಲ್ಲಿಗೂ ಕಾಲುವೆಗೂ ವ್ಯತ್ಯಾಸವೇ ಕಾಣದಷ್ಟು ಹಸಿರಾಗಿತ್ತು. ಬೆಲ್ಲ ಮುಂದಿನ ಡೆಕ್ಕಿನಿಂದ ಅದನ್ನು ಹುಲ್ಲುಗಾವಲೆಂದೇ ತಿಳಿದು ಆರಾಮವಾಗಿ ಕಾಲಿಟ್ಟಳು. ಸದ್ದೂ ಆಗಲಿಲ್ಲ. ಹಸಿರು ತೆರೆದುಕೊಂಡು ಮುಚ್ಚಿಕೊಂಡಿತು. ನಾನು ಹೊಟ್ಟೆಯ ಮೇಲೆ ಮಲಗಿ ಕೈ ಚಾಚುವಷ್ಟರಲ್ಲಿ ಲೈಫ್ ಜಾಕೆಟ್ ಅವಳನ್ನು ಮೇಲೆ ತಂದಿತ್ತು, ಬೆನ್ನಿನ ಹಿಡಿಕೆ ಕೈಗೆ ಸಿಕ್ಕಿತು, ಎತ್ತಿ ಒಳಗೆ ಹಾಕಿಕೊಂಡೆ. ಮೂಗಿನ ಮೇಲೆಲ್ಲ ಹಸಿರು ಚುಕ್ಕೆ. ಆ ಹೊತ್ತು ನನ್ನ ಎದೆ ಬಡಿದುಕೊಂಡಿದ್ದು ಈಗಲೂ ನೆನಪಿದೆ.

ಅದಕ್ಕೇ ಜಾಕೆಟ್ ಆರಿಸುವಾಗ ಬಣ್ಣ, ದಪ್ಪ ನೋಡಬೇಡಿ, ಹಿಡಿಕೆ ನೋಡಿ. ಅಂಗಡಿಯಲ್ಲೇ ನಾಯಿಗೆ ತೊಡಿಸಿ ಹಿಡಿಕೆಯಿಂದ ಎತ್ತಿ ನೋಡಿ. ಹೊಟ್ಟೆಯ ಪಟ್ಟಿ ಜಾರಿದರೆ, ಹೊಲಿಗೆ ಕಿರುಗುಟ್ಟಿದರೆ ಅದು ಬೇಡ. ನಾಯಿ ಈಜು ಬಲ್ಲದು ಎಂಬ ಧೈರ್ಯ ಕಾಲುವೆಯಲ್ಲಿ ನಡೆಯುವುದಿಲ್ಲ. ದಂಡೆಗೆ ಉದ್ದಕ್ಕೂ ಉಕ್ಕಿನ ಹಲಗೆ ಬಡಿದ ಕಡೆ ಅದಕ್ಕೆ ಹತ್ತಲು ಹಿಡಿತ ಸಿಗುವುದಿಲ್ಲ, ಈಜಿ ಈಜಿ ಸುಸ್ತಾಗುತ್ತದೆ.

ಬೇಸಿಗೆಯಲ್ಲಿ ಬಣ್ಣ ಚೆಲ್ಲಿದಂತೆ ಅಂಚಿಗೆ ಕೆನೆಗಟ್ಟುವ ನೀಲಿ-ಹಸಿರು ಪಾಚಿ ಬೇರೆಯದೇ ಕಥೆ, ಅದನ್ನು ನೆಕ್ಕಿದ ನಾಯಿ ಕೆಲವೇ ಗಂಟೆಯಲ್ಲಿ ಸಾಯಬಹುದು. ಅಂಥ ನೀರು ಕಂಡರೆ ಇಳಿಸದೆ ಮುಂದಕ್ಕೆ ಹೋಗಿ. ಇಲಿಜ್ವರದ ಲಸಿಕೆ ವರ್ಷಕ್ಕೊಮ್ಮೆ ತಪ್ಪಿಸಬೇಡಿ, ಕಾಲುವೆ ದಂಡೆ ಇಲಿಗಳ ತವರು. ಮರಿ ಜೊತೆಗಿರುವ ಹಂಸಗಳಿಂದ ದೂರ ಇರಿ, ಗಾಳ ಹಾಕಿ ಕೂತವರ ಹತ್ತಿರ ಬೆಲ್ಟು ಬಿಚ್ಚಬೇಡಿ, ರಾತ್ರಿ ನಾಯಿಯ ಮೈಗೆ ಉಣ್ಣಿಹುಳ ಅಂಟಿದೆಯೇ ಎಂದು ಹುಡುಕಿ.

ಮುಂಗಡ ಕೊಡುವ ಮೊದಲು ನಾಯಿಯನ್ನು ಆ ದೋಣಿಗೆ ಒಂದು ಸಲ ಕರೆದುಕೊಂಡು ಹೋಗಿ. ನೀವು ಏನೂ ಹೇಳಬೇಡಿ, ದಂಡೆಯಲ್ಲಿ ನಿಂತು ಅದು ಹೇಗೆ ಹತ್ತುತ್ತದೆ, ಒಳಗಿನ ಮೆಟ್ಟಿಲ ಮುಂದೆ ಎಷ್ಟು ಹೊತ್ತು ನಿಲ್ಲುತ್ತದೆ, ಇಳಿದ ಮೇಲೆ ಎಲ್ಲಿ ಹೋಗಿ ಮಲಗುತ್ತದೆ ನೋಡಿ. ನಾವು ನೋಡಿದ ಮೂರನೆಯ ದೋಣಿಯಲ್ಲಿ ಬೆಲ್ಲ ಹಿಂದಿನ ಹಲಗೆಗೆ ಹಾರಿ, ಗೋಡೆಗೆ ಗದ್ದ ಇಟ್ಟು, ನಿಟ್ಟುಸಿರು ಬಿಟ್ಟು ಕೂತಳು. ನಾವು ಅಡುಗೆಮನೆ ನೋಡಿದ್ದು ಅದಾದ ಮೇಲೆ.